ಪಟ್ಟಿಯ ಮೊದಲ ಸಾಲಿನಲ್ಲಿ ಏನು ಬರೆಯಲಿ?

ಮೇಡಂ, ನಾನು ಬ್ಯಾಡಗಿ ತಾಲ್ಲೂಕಿನ ಹಳ್ಳಿಯವಳು. ಪಿಯುಸಿಯಲ್ಲಿ ಪಿಸಿಎಂಬಿ ಓದಿ ಸಿಇಟಿ ಬರೆದಿದ್ದೇನೆ. ಬಿ.ಎಸ್ಸಿ. ಕೃಷಿ ಓದುವ ಆಸೆ. ಕೃಷಿಕರ ಕೋಟಾದ ಪ್ರಾಯೋಗಿಕ ಪರೀಕ್ಷೆಯನ್ನೂ ಬರೆದಿದ್ದೆ, ಕೃಷಿಯಲ್ಲಿ ರ‍್ಯಾಂಕ್ ಚೆನ್ನಾಗಿ ಬಂದಿದೆ. ಎಂಜಿನಿಯರಿಂಗ್ ರ‍್ಯಾಂಕ್ 60,000 ದಾಟಿದೆ. ಅಪ್ಪನಿಗೆ ನಾನು ಕಂಪ್ಯೂಟರ್ ಸೈನ್ಸ್ ಓದಲೇಬೇಕು. ಕಾಕಾನ ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ, ಅವನಂತೆ ಆಗಬೇಕು. ಸರ್ಕಾರಿ ಸೀಟು ಸಿಗದಿದ್ದರೆ ನಾಲ್ಕು ಎಕರೆಯಲ್ಲಿ ಎರಡನ್ನು ಒತ್ತೆ ಇಟ್ಟು ಮ್ಯಾನೇಜ್‌ಮೆಂಟ್ ಸೀಟು ಕೊಡಿಸುತ್ತೇನೆ ಎನ್ನುತ್ತಾರೆ. ‘ನಾನು ಮಣ್ಣಿನಲ್ಲಿ ಹೊರಳಾಡಿದ್ದು ಸಾಲದೇ, ನೀನೂ ಅಲ್ಲಿಗೇ ಹೋಗುತ್ತೀಯಾ?’ ಎಂದು ಕೇಳಿದರು. ಅವ್ವ ಏನೂ ಹೇಳುವುದಿಲ್ಲ. ಮೂರು ವರ್ಷದ ಹಿಂದೆ ನಮ್ಮ ಮೆಣಸಿನಕಾಯಿ ಗಿಡಗಳಿಗೆ ಮುರುಟು ರೋಗ ಬಂದಾಗ ಕೆಲವು ಎಲೆಗಳು ಮೇಲಕ್ಕೆ, ಕೆಲವು ಕೆಳಕ್ಕೆ ಮುದುಡಿದ್ದನ್ನು ಕಂಡು ಎರಡನ್ನೂ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ದಿದ್ದೆ. ಅಂದಿನಿಂದ ಈ ಆಸೆ. ಆದರೆ ಗಣಿತಕ್ಕೆ ಹೆದರಿ ಹೀಗೆ ಹೇಳುತ್ತಿದ್ದೇನೆಯೇ ಎಂಬ ಅನುಮಾನ ನನಗೇ ಇದೆ. ಗೆಳತಿ ಹೇಳುತ್ತಾಳೆ: ‘ಅಪ್ಪನ ಸಮಾಧಾನಕ್ಕೆ ಆಪ್ಷನ್ ಪಟ್ಟಿಯಲ್ಲಿ ಕಂಪ್ಯೂಟರ್ ಸೈನ್ಸ್ ಮೇಲೆ ಹಾಕು, ಹೇಗೂ ಸಿಗುವುದಿಲ್ಲ.’ ಹಾಗೆ ಮಾಡಲೇ?
— ಹೆಸರು ಬೇಡ

ಮಗಳೇ,

ಬೇಡ, ಹಾಗೆ ಮಾಡಬೇಡ. ಬೇರೆಲ್ಲ ಮಾತಿಗಿಂತ ಮೊದಲು ಇದನ್ನೇ ಹೇಳುತ್ತೇನೆ, ಏಕೆಂದರೆ ಇದಕ್ಕೆ ಗಡುವಿದೆ.

ಇತ್ತೀಚಿನ ವರ್ಷಗಳಲ್ಲಿ ಸಿಇಟಿ ನಡೆಸಿ ಸೀಟು ಹಂಚುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಎಂಜಿನಿಯರಿಂಗ್, ಕೃಷಿ ಎಲ್ಲವನ್ನೂ ಒಂದೇ ಪಟ್ಟಿಯಲ್ಲಿ ಕ್ರಮವಾಗಿ ನಮೂದಿಸಲು ಹೇಳುತ್ತಿದೆ. ಹಂಚಿಕೆಯ ಗಣಕ ನಿನ್ನ ಪಟ್ಟಿಯನ್ನು ಮೇಲಿನಿಂದ ಓದುತ್ತಾ ಬರುತ್ತದೆ. ನಿನ್ನ ರ‍್ಯಾಂಕಿಗೆ ದಕ್ಕುವ ಮೊದಲ ಸೀಟು ಎಲ್ಲಿ ಸಿಕ್ಕಿತೋ ಅಲ್ಲಿಗೆ ನಿಲ್ಲುತ್ತದೆ. ಅದರ ಕೆಳಗಿನ ಆಯ್ಕೆಗಳೆಲ್ಲ ಅಳಿಸಿಹೋಗುತ್ತವೆ. ‘ಹೇಗೂ ಸಿಗುವುದಿಲ್ಲ’ ಎಂದು ಮೇಲೆ ಬರೆದ ದೂರದ ಊರಿನ ಕಾಲೇಜೊಂದರಲ್ಲಿ ಎರಡನೆಯ ಅಥವಾ ಮೂರನೆಯ ಸುತ್ತಿನಲ್ಲಿ ಸೀಟು ಖಾಲಿಯಾಗಿ ನಿನ್ನ ಹೆಸರಿಗೆ ಬಂದರೆ, ಕೆಳಗೆ ಬರೆದ ಕೃಷಿ ಕಾಲೇಜಿನ ದಾರಿ ಅಲ್ಲಿಗೆ ಮುಗಿಯಿತು. ಮೊದಲ ಸುತ್ತಿನಲ್ಲಿ ಸಿಗದ ರ‍್ಯಾಂಕಿಗೆ ಮುಂದಿನ ಸುತ್ತಿನಲ್ಲಿ ಸೀಟು ಸಿಗುವುದು ಅಪರೂಪವಲ್ಲ. ಆಗ ಅಪ್ಪನಿಗೆ ಏನು ಹೇಳುತ್ತೀಯೆ? ನೀನೇ ಬರೆದ ಪಟ್ಟಿ ಅದು. ನಿಜವಾಗಿ ಬೇಕಾದದ್ದನ್ನೇ ಮೇಲೆ ಬರೆ. ನಿಜವಾದ ಹಂಚಿಕೆಗೆ ಮೊದಲು ಪ್ರಯೋಗಕ್ಕೆಂದು ಮಾಡುವ ಅಣಕು ಹಂಚಿಕೆಯ ಫಲಿತಾಂಶ ಬಂದ ಮೇಲೆ ಕ್ರಮವನ್ನು ಬದಲಿಸಲು ಅವಕಾಶ ಕೊಡುತ್ತಾರೆ, ಅಷ್ಟರೊಳಗೆ ಮನೆಯಲ್ಲಿ ಮಾತು ಮುಗಿದಿರಬೇಕು.

ಇನ್ನು ಗಣಿತದ ಮಾತು. ಈ ಅನುಮಾನವನ್ನು ನೀನೇ ಎತ್ತಿದ್ದು ನನಗೆ ಬಹಳ ಇಷ್ಟವಾಯಿತು. ಮೂವತ್ತು ವರ್ಷ ಪಿಯು ಮಕ್ಕಳಿಗೆ ಸಸ್ಯಶಾಸ್ತ್ರ ಹೇಳಿಕೊಟ್ಟವಳು ನಾನು. ಒಂದರಿಂದ ತಪ್ಪಿಸಿಕೊಳ್ಳಲು ಇನ್ನೊಂದನ್ನು ಹಿಡಿದ ಮಕ್ಕಳು ಎರಡನೆಯ ವರ್ಷದಲ್ಲಿ ಬಳಲುವುದನ್ನು ಕಂಡಿದ್ದೇನೆ. ಕೃಷಿ ಪದವಿಯಲ್ಲಿ ಗಣಿತ ನಿನ್ನನ್ನು ಬಿಡುವುದಿಲ್ಲ. ಸಂಖ್ಯಾಶಾಸ್ತ್ರ ಇದೆ, ಕೃಷಿ ಅರ್ಥಶಾಸ್ತ್ರ ಇದೆ, ಮಣ್ಣಿನ ರಸಾಯನದ ಲೆಕ್ಕವಿದೆ. ಪ್ರಯೋಗಗಳನ್ನು ಹೇಗೆ ಹೂಡಬೇಕೆಂಬ ಸಂಖ್ಯಾಶಾಸ್ತ್ರ ಬೆಳೆದದ್ದೇ ಹೊಲದಲ್ಲಿ. ರೊನಾಲ್ಡ್ ಫಿಶರ್ 1919ರಲ್ಲಿ ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರಕ್ಕೆ ಸೇರಿ, ಬೆಳೆಯ ಇಳುವರಿಯ ಅಂಕಿಗಳ ನಡುವೆ ಕುಳಿತು ಅದನ್ನು ಕಟ್ಟಿದರು. ಇದನ್ನು ಓದಿ ಎದೆ ನಡುಗಿದರೆ ಇನ್ನೊಮ್ಮೆ ಯೋಚಿಸು. ‘ಕಲಿಯುತ್ತೇನೆ’ ಅನ್ನಿಸಿದರೆ ನಿನ್ನ ಭಯ ಆಸೆಗಿಂತ ಚಿಕ್ಕದು.

ನನಗೆ ಆ ಎರಡು ಎಲೆಗಳ ಮೇಲೆ ನಂಬಿಕೆ. ಮೇಲಕ್ಕೆ ಮುದುಡಿದರೆ ಥ್ರಿಪ್ಸ್ ನುಸಿ, ಕೆಳಕ್ಕೆ ಮುದುಡಿದರೆ ಮೈಟ್ ನುಸಿ ಎಂದು ಅಲ್ಲಿನವರು ಹೇಳಿರಬೇಕು. ಎರಡಕ್ಕೂ ಔಷಧ ಬೇರೆ. ಗೊಬ್ಬರದಂಗಡಿಯಲ್ಲಿ ಕೊಟ್ಟ ಒಂದೇ ಎಣ್ಣೆಯನ್ನು ಇಡೀ ಹೊಲಕ್ಕೆ ಹೊಡೆದು ದುಡ್ಡು ಕಳೆದುಕೊಂಡ ರೈತರು ನಿನ್ನ ಊರಿನಲ್ಲೇ ಎಷ್ಟು ಮಂದಿ ಇದ್ದಾರೆ ಎಂದು ನಿನಗೆ ನನಗಿಂತ ಚೆನ್ನಾಗಿ ಗೊತ್ತು. ಹದಿನೈದರ ಹುಡುಗಿ ಯಾರೂ ಹೇಳದೆ ಆ ವ್ಯತ್ಯಾಸವನ್ನು ಕಂಡಳು, ಬಸ್ ಹತ್ತಿ ಹೋಗಿ ಕೇಳಿದಳು. ಗಣಿತದ ಹೆದರಿಕೆ ಯಾರನ್ನೂ ಅಷ್ಟು ದೂರ ಕರೆದೊಯ್ಯುವುದಿಲ್ಲ.

ಆದರೂ ಕಣ್ಣಿಂದ ನೋಡದೆ ಸೇರಬೇಡ. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಕಾಲೇಜೊಂದು ನಿಮ್ಮ ಜಿಲ್ಲೆಯ ಹನುಮನಮಟ್ಟಿಯಲ್ಲಿಯೇ ಇದೆ. ಒಂದು ದಿನ ಹೋಗಿ ಮೂರನೆಯ ವರ್ಷದ ಹುಡುಗಿಯರನ್ನು ಮಾತನಾಡಿಸು. ಬೆಳಿಗ್ಗೆ ಎಷ್ಟು ಹೊತ್ತಿಗೆ ಹೊಲದಲ್ಲಿರಬೇಕು, ಪಾಠದಲ್ಲಿ ಬೇಸರ ತರುವುದು ಯಾವುದು, ಹಿರಿಯರು ಈಗ ಎಲ್ಲಿದ್ದಾರೆ ಎಂದು ಕೇಳು. ನಾಲ್ಕು ವರ್ಷದ ಓದಿನ ಕೊನೆಯ ಹಂತದಲ್ಲಿ ಹಳ್ಳಿಯೊಂದರಲ್ಲಿ ತಿಂಗಳುಗಟ್ಟಲೆ ಇದ್ದು ರೈತರ ಜೊತೆ ಕೆಲಸ ಮಾಡಬೇಕು. ಅದೂ ಪಠ್ಯದ ಭಾಗವೇ. ಹಾಗೆಯೇ ಕಾಕಾನ ಮಗನಿಗೆ ಫೋನ್ ಮಾಡಿ, ಅವನ ಸೋಮವಾರ ಹೇಗೆ ಕಳೆಯುತ್ತದೆ ಎಂದು ಗಂಟೆಗಂಟೆಯ ಲೆಕ್ಕದಲ್ಲಿ ಕೇಳು. ಕಂಪ್ಯೂಟರ್ ಸೈನ್ಸ್ ಕೆಟ್ಟದ್ದಲ್ಲ. ಎಷ್ಟೋ ಹಳ್ಳಿಯ ಮನೆಗಳಿಗೆ ಅದು ನಿಜವಾಗಿಯೂ ಬೆಳಕು ತಂದಿದೆ, ಅಪ್ಪ ಕಂಡಿರುವುದು ಸುಳ್ಳಲ್ಲ.

ಕೆಲಸದ ವಿಷಯದಲ್ಲಿ ಸಿಹಿ ಮಾತನ್ನಷ್ಟೇ ಹೇಳಲಾರೆ. ಕೃಷಿ ಪದವೀಧರರು ಮೊದಲು ನೋಡುವುದು ಕೃಷಿ ಇಲಾಖೆಯ ರೈತ ಸಂಪರ್ಕ ಕೇಂದ್ರದ ಕಡೆಗೆ. ಕೆಪಿಎಸ್‌ಸಿ 2024ರಲ್ಲಿ ಕೃಷಿ ಅಧಿಕಾರಿ ಮತ್ತು ಸಹಾಯಕ ಕೃಷಿ ಅಧಿಕಾರಿಗಳ 945 ಹುದ್ದೆಗಳಿಗೆ ಅರ್ಜಿ ಕರೆಯಿತು. ಆದರೆ ಇಂಥ ಕರೆ ವರ್ಷವರ್ಷ ಬರುವುದಿಲ್ಲ, ಅದೊಂದನ್ನೇ ಕಾಯುತ್ತಾ ಕುಳಿತರೆ ವಯಸ್ಸು ಸವೆಯುತ್ತದೆ. ಬ್ಯಾಂಕುಗಳ ಕೃಷಿ ಕ್ಷೇತ್ರ ಅಧಿಕಾರಿ ಹುದ್ದೆ, ನಬಾರ್ಡ್, ಅರಣ್ಯ ಸೇವೆಯ ಪರೀಕ್ಷೆ ಇವೆಲ್ಲ ನಿನಗೆ ತೆರೆದಿರುತ್ತವೆ. ಎಂ.ಎಸ್ಸಿ., ಪಿಎಚ್.ಡಿ. ತನಕ ಓದುವ ಛಲವಿದ್ದರೆ ವಿಜ್ಞಾನಿಯಾಗಬಹುದು. ರಾಣೆಬೆನ್ನೂರಿನ ಸುತ್ತ ಬೀಜೋತ್ಪಾದನೆ ಎಷ್ಟು ದೊಡ್ಡ ಉದ್ಯೋಗವೆಂಬುದನ್ನು, ಹೂವಿಗೆ ಕೈಯಿಂದ ಪರಾಗ ಮುಟ್ಟಿಸುವ ಕ್ರಾಸಿಂಗ್ ಕೆಲಸಕ್ಕೆ ಹೋಗುವ ನಿನ್ನ ಊರಿನ ಹೆಂಗಸರೇ ಹೇಳುತ್ತಾರೆ. ಬೀಜ ಕಂಪನಿಗಳಿಗೆ ಈ ಓದಿನವರು ಬೇಕು, ಆರಂಭದ ಸಂಬಳ ಮಾತ್ರ ದೊಡ್ಡದಿರುವುದಿಲ್ಲ. ಮೊದಲ ಐದು ವರ್ಷ ನಿಧಾನ. ಆ ನಿಧಾನವನ್ನು ಮನೆಯವರೂ ತಾಳಬೇಕಾಗುತ್ತದೆ ಎಂದು ಅಪ್ಪನಿಗೆ ಈಗಲೇ ಹೇಳು.

ಅಪ್ಪನ ಆ ಮಾತನ್ನು ನಾನು ಹಲವು ಸಲ ಓದಿದೆ. ಕೃಷಿ ಎಂದರೆ ಅವರಿಗೆ ನುಸಿ, ಸಾಲ, ಕೈಕೊಟ್ಟ ಮಳೆ. 2024ರ ಮಾರ್ಚ್‌ನಲ್ಲಿ ಬೆಲೆ ಕುಸಿದು ಬ್ಯಾಡಗಿ ಎಪಿಎಂಸಿಯಲ್ಲಿ ರೈತರ ಸಿಟ್ಟು ಬೆಂಕಿಯಾಗಿದ್ದನ್ನು ನೀವೆಲ್ಲ ಹತ್ತಿರದಿಂದ ಕಂಡವರು. ಅದೆಲ್ಲವನ್ನೂ ಉಂಡ ಮನುಷ್ಯ ಮಗಳು ಅದೇ ಕಡೆ ಹೊರಟಳೆಂದು ತಿಳಿದರೆ ಹೊಟ್ಟೆ ಉರಿಯದೇ ಇರುತ್ತದೆಯೇ? ಅದನ್ನು ಹಟ ಎನ್ನಬೇಡ. ಒಂದು ಮಾತನ್ನು ಮಾತ್ರ ನೆನಪಿಡು. ಕೋಟಾಕ್ಕೆ ಕೃಷಿಕರ ಪ್ರಮಾಣಪತ್ರ ಬೇಕು. ಅದಕ್ಕಾಗಿ ಓಡಾಡಿದವರು ಯಾರು? ನೀನು ಬರೆದಿಲ್ಲ, ಆದರೆ ಹಳ್ಳಿಯ ಮನೆಗಳಲ್ಲಿ ಇಂಥ ಕಾಗದಕ್ಕೆ ಅಲೆಯುವವರು ಅಪ್ಪಂದಿರೇ. ಅವರೇ ಆಗಿದ್ದರೆ ಬಾಗಿಲು ಪೂರ್ತಿ ಮುಚ್ಚಿಲ್ಲ.

ಅಜ್ಜನ ಕಾಲದ ಜಯಲಕ್ಷ್ಮಿ ಹತ್ತಿಯ ಬಗ್ಗೆಯೂ ಅವರನ್ನು ಕೇಳು. ಡಿಸಿಎಚ್-32 ಎಂದರೆ ಬೇಗ ನೆನಪಾಗಬಹುದು. 1972ರಲ್ಲಿ ವರಲಕ್ಷ್ಮಿ, 1981ರಲ್ಲಿ ಜಯಲಕ್ಷ್ಮಿ, ಎರಡೂ ಡಾ. ಬಿ.ಎಚ್. ಕಟರಕಿಯವರು ಧಾರವಾಡದಲ್ಲಿ ರೂಪಿಸಿದ ತಳಿಗಳು. ಕೃಷಿ ಓದುವುದೆಂದರೆ ನೇಗಿಲ ಹಿಂದೆ ಹೋಗುವುದಷ್ಟೇ ಅಲ್ಲ ಎಂದು ನೀನು ವಾದಿಸಿದರೆ ಅವರು ಕೇಳಲಾರರು. ಆ ಹತ್ತಿಯ ನೆನಪು ಬಂದರೆ ಅವರೇ ಮಾತನಾಡಿಯಾರು.

ಜಮೀನಿನ ವಿಷಯದಲ್ಲಿ ನಾನು ಖಡಾಖಂಡಿತ. ಕಂಪ್ಯೂಟರ್ ಸೈನ್ಸ್ ಆಗಲಿ, ಕೃಷಿಯೇ ಆಗಲಿ, ಎರಡೆಕರೆ ಒತ್ತೆ ಇಟ್ಟು ಸೀಟು ಕೊಳ್ಳಬಾರದು. ಸೀಟು ಕೊಡಿಸುವವರು ‘ಇವತ್ತೇ ಮುಂಗಡ ಕೊಡಿ, ನಾಳೆ ಇರುವುದಿಲ್ಲ’ ಎಂದು ಅವಸರಿಸುತ್ತಾರೆ. ಪ್ರಾಧಿಕಾರದ ಕೊನೆಯ ಸುತ್ತು ಮುಗಿಯುವ ತನಕ ಒಂದು ರೂಪಾಯಿಯೂ ಕೈಬಿಡದಂತೆ ನೋಡಿಕೊ. ಸರ್ಕಾರಿ ಕೃಷಿ ಕಾಲೇಜಿನ ಶುಲ್ಕ ಎಷ್ಟು, ವಿದ್ಯಾರ್ಥಿವೇತನ ಯಾವುದು ಬರುತ್ತದೆ, ಹಾಸ್ಟೆಲ್ಲಿಗೆ ಎಷ್ಟು ಎಂದು ಹನುಮನಮಟ್ಟಿಗೆ ಹೋದ ದಿನವೇ ಬರೆದುಕೊಂಡು ಬಾ. ಇನ್ನೊಂದು ಹಾಳೆಯಲ್ಲಿ ಮ್ಯಾನೇಜ್‌ಮೆಂಟ್ ಸೀಟಿನ ನಾಲ್ಕು ವರ್ಷದ ಖರ್ಚನ್ನೂ ಒತ್ತೆಯ ಬಡ್ಡಿಯನ್ನೂ ಬರೆ. ಎರಡನ್ನೂ ಅಪ್ಪನ ಮುಂದಿಡು, ಅವ್ವನೂ ಪಕ್ಕದಲ್ಲಿರಲಿ. ‘ಏನೂ ಹೇಳುವುದಿಲ್ಲ’ ಎಂದು ಬರೆದಿದ್ದೀಯೆ, ಅವರನ್ನು ಯಾರಾದರೂ ಕೇಳಿದ್ದೀರಾ?

ಆ ದಿನ ಕೃಷಿ ವಿಜ್ಞಾನ ಕೇಂದ್ರದಿಂದ ಮರಳಿ ಬಂದ ಮೇಲೆ ಹೊಲದಲ್ಲಿ ಏನಾಯಿತೆಂದು ನೀನು ಬರೆದಿಲ್ಲ. ನೀನು ತಿಳಿದುಕೊಂಡು ಬಂದ ಔಷಧವನ್ನು ಅಪ್ಪ ಹೊಡೆದರೇ? ಹೊಡೆದಿದ್ದರೆ ಮಾತನ್ನು ಅಲ್ಲಿಂದಲೇ ಶುರುಮಾಡು. ಅಣಕು ಹಂಚಿಕೆ ಬಂದ ಕೂಡಲೇ ನನಗೆ ಇನ್ನೊಂದು ಪತ್ರ ಬರೆ.