ಉಲ್ಕೆಗಳ ವೇಗ ಎಷ್ಟು?

ಪ್ರಶ್ನೆ: ಕಳೆದ ಡಿಸೆಂಬರ್ ತಿಂಗಳ ನಡುವಿನಲ್ಲಿ ನಮ್ಮ ಮನೆಯ ತಾರಸಿಯಿಂದ ಎರಡು ಉಲ್ಕೆಗಳನ್ನು ಕಂಡೆವು. ವಾಯುಮಂಡಲವನ್ನು ಹೊಗುವಾಗ ಅವುಗಳ ವೇಗ ಎಷ್ಟಿರುತ್ತದೆ? ಎಲ್ಲ ಉಲ್ಕೆಗಳ ವೇಗವೂ ಒಂದೇ ಆಗಿರುತ್ತದೆಯೇ?
— ಓದುಗರೊಬ್ಬರು, ಬಸವನಗುಡಿ, ಬೆಂಗಳೂರು

ಉತ್ತರ: ಒಂದೇ ಆಗಿರುವುದಿಲ್ಲ. ಅದು ಸೆಕೆಂಡಿಗೆ ಸುಮಾರು 11 ಕಿ.ಮೀ.ಯಿಂದ 72 ಕಿ.ಮೀ.ವರೆಗೆ ಇರಬಹುದು. ಬಹು ದೂರದಿಂದ ಬರುವ ಯಾವ ಕಲ್ಲೇ ಆಗಲಿ, ಭೂಮಿಯ ಗುರುತ್ವಾಕರ್ಷಣೆಗೆ ಒಳಗಾಗಿ ಇಳಿಯುವಾಗ ಕನಿಷ್ಠ 11 ಕಿ.ಮೀ. ವೇಗವನ್ನು ಪಡೆದೇ ಪಡೆಯುತ್ತದೆ. ಇನ್ನು ಮೇಲಿನ ಮಿತಿ: ಸೂರ್ಯನ ಹಿಡಿತದಲ್ಲಿರುವ ಕಾಯವೊಂದು ನಮ್ಮ ಕಕ್ಷೆಯ ಬಳಿ ಸೆಕೆಂಡಿಗೆ ಹೆಚ್ಚೆಂದರೆ 42 ಕಿ.ಮೀ. ಸಾಗಬಲ್ಲದು, ಭೂಮಿಯೋ ಸುಮಾರು 30 ಕಿ.ಮೀ. ವೇಗದಲ್ಲಿ ಸೂರ್ಯನನ್ನು ಸುತ್ತುತ್ತಿದೆ. ಇವೆರಡೂ ಎದುರುಬದುರಾದರೆ ವೇಗಗಳು ಕೂಡಿ 72 ಆಗುತ್ತದೆ.

ನವೆಂಬರ್‌ನ ಸಿಂಹ ಉಲ್ಕಾವೃಷ್ಟಿ ಈ ಮಿತಿಗೆ ಬಹಳ ಹತ್ತಿರದ್ದು. ಅದರ ಮೂಲವಾದ ಟೆಂಪಲ್-ಟಟಲ್ ಧೂಮಕೇತು ಭೂಮಿಗೆ ವಿರುದ್ಧ ದಿಕ್ಕಿನಲ್ಲಿ ಸೂರ್ಯನನ್ನು ಸುತ್ತುವುದರಿಂದ, ಅದು ಚೆಲ್ಲಿಹೋದ ಕಣಗಳು ಸೆಕೆಂಡಿಗೆ 71 ಕಿ.ಮೀ. ವೇಗದಲ್ಲಿ ನಮಗೆ ಎದುರಾಗುತ್ತವೆ. ಬೆಂಗಳೂರಿನಿಂದ ಮೈಸೂರಿಗೆ ಆ ವೇಗದಲ್ಲಿ ಎರಡು ಸೆಕೆಂಡುಗಳ ಹಾದಿ! ನೀವು ಕಂಡವು ಮಿಥುನ ಉಲ್ಕಾವೃಷ್ಟಿಗೆ ಸೇರಿದ್ದರೆ, ಅವುಗಳ ವೇಗ ಇದರ ಅರ್ಧದಷ್ಟು, ಸುಮಾರು 35 ಕಿ.ಮೀ.; ಆಕಾಶದಲ್ಲಿ ಅವು ನಿಧಾನವಾಗಿ ಜಾರಿದಂತೆ ತೋರುವುದು ಇದರಿಂದಲೇ.

ವೇಗ ಇಮ್ಮಡಿಯಾದರೆ ಚಲನಶಕ್ತಿ ನಾಲ್ಕು ಪಟ್ಟಾಗುತ್ತದೆ. ಮರಳಿನ ಹರಳಿನಷ್ಟು ಚಿಕ್ಕ ಕಣವೂ ನೂರು ಕಿಲೋಮೀಟರ್ ಎತ್ತರದಲ್ಲಿ ಉರಿದು ನಮ್ಮ ಬರಿಗಣ್ಣಿಗೆ ಕಾಣುವುದು ಈ ಶಕ್ತಿಯಿಂದ. ದೊಡ್ಡ ಕಲ್ಲಾದರೆ, ಗಾಳಿಯ ತಿಕ್ಕಾಟಕ್ಕಿಂತ ಹೆಚ್ಚಾಗಿ, ಅದರ ಮುಂದಿರುವ ಗಾಳಿ ಸರಿದುಹೋಗಲು ಸಮಯವಿಲ್ಲದೆ ಥಟ್ಟನೆ ಒತ್ತಿಹೋಗಿ ಕಾಯುವುದೇ ಶಾಖಕ್ಕೆ ಮುಖ್ಯ ಕಾರಣ. ಶಾಲೆಯ ಪಾಠಗಳಲ್ಲಿ ಈ ಅಂಶಕ್ಕೆ ಇನ್ನಷ್ಟು ಒತ್ತು ಸಿಗಬೇಕೆಂದು ನನ್ನ ಅಭಿಪ್ರಾಯ. 2013ರ ಫೆಬ್ರವರಿ 15ರಂದು ರಷ್ಯಾದ ಚೆಲ್ಯಾಬಿನ್‌ಸ್ಕ್ ಮೇಲೆ ಸ್ಫೋಟಿಸಿದ, ಸುಮಾರು 20 ಮೀಟರ್ ಅಗಲದ ಕಲ್ಲಿನ ವೇಗ ಸೆಕೆಂಡಿಗೆ 19 ಕಿ.ಮೀ. ಮಾತ್ರ. ಆದರೂ ಅದರ ಆಘಾತ ತರಂಗಕ್ಕೆ ಸಾವಿರಾರು ಕಟ್ಟಡಗಳ ಗಾಜು ಒಡೆಯಿತು.

ಮುಂದಿನ ಸಲ ನೋಡುವುದಾದರೆ ಮಧ್ಯರಾತ್ರಿಯ ನಂತರ ನೋಡಿ. ಮಳೆಯಲ್ಲಿ ಸ್ಕೂಟರ್ ಓಡಿಸುವವರ ಬೆನ್ನಿಗಿಂತ ಎದೆಯೇ ಹೆಚ್ಚು ನೆನೆಯುವಂತೆ, ಭೂಮಿ ಸಾಗುವ ದಿಕ್ಕಿಗೆ ನಮ್ಮ ಊರು ಮುಖಮಾಡುವುದು ಆ ಹೊತ್ತಿನಿಂದ ಬೆಳಗಿನವರೆಗೆ. ಸಂಜೆ ಕಾಣುವವುಗಳಲ್ಲಿ ಹೆಚ್ಚಿನವು ಹಿಂದಿನಿಂದ ನಮ್ಮನ್ನು ಬೆನ್ನಟ್ಟಿ ಬಂದವು.