ಕರ್ನಲ್ ಅಪ್‌ಡೇಟ್ ಆದ ಮೇಲೆ ಸೌಂಡ್ ಹೋಯ್ತು, ಉಬುಂಟು ಮತ್ತೆ ಇನ್‌ಸ್ಟಾಲ್ ಮಾಡಬೇಕಾ?

ಬೇಡ, ಖಂಡಿತ ಬೇಡ. ಉಬುಂಟು 22.04ರಲ್ಲಿ ಕರ್ನಲ್ (ಹಾರ್ಡ್‌ವೇರ್ ನಡೆಸುವ, ಸಿಸ್ಟಮ್‌ನ ತಿರುಳು) 6.5ರಿಂದ 6.8ಕ್ಕೆ ಹೋದ ಮೇಲೆ ಸೌಂಡ್ ನಿಂತಿದೆ, ಸೆಟ್ಟಿಂಗ್ಸ್‌ನಲ್ಲಿ ಸ್ಪೀಕರ್ ಇರಬೇಕಾದ ಕಡೆ 'ಡಮ್ಮಿ ಔಟ್‌ಪುಟ್' ಅಂತ ಬರುತ್ತಿದೆ ಎಂದು ಬರೆದಿದ್ದೀರಿ. ಆ ಎರಡು ಪದವೇ ಬಹಳಷ್ಟು ಹೇಳುತ್ತವೆ. ಸೌಂಡ್ ನೋಡಿಕೊಳ್ಳುವ ಪ್ರೋಗ್ರಾಂ ಪಲ್ಸ್‌ಆಡಿಯೋಗೆ ಒಂದೂ ಸೌಂಡ್ ಕಾರ್ಡ್ ಸಿಕ್ಕಿಲ್ಲ, ಅದಕ್ಕೇ ಅದು ಸುಮ್ನೆ ಒಂದು ಖಾಲಿ ಔಟ್‌ಪುಟ್ ತೋರಿಸುತ್ತಿದೆ. ವಾಲ್ಯೂಮ್ ಎಷ್ಟು ಏರಿಸಿದರೂ ಪ್ರಯೋಜನ ಇಲ್ಲ.

ಮೊದಲು ಮಾಡಬೇಕಾದ್ದು ಹಳೆ ಕರ್ನಲ್‌ನಲ್ಲಿ ಬೂಟ್ ಮಾಡಿ ನೋಡುವುದು. ಅಪ್‌ಡೇಟ್ ಆದರೂ ಉಬುಂಟು ಹಿಂದಿನ ಕರ್ನಲ್ಲನ್ನು ತೆಗೆದುಹಾಕಿರುವುದಿಲ್ಲ. ರೀಸ್ಟಾರ್ಟ್ ಮಾಡುವಾಗ ಎಸ್ಕೇಪ್ ಕೀ ಒಂದು ಸಲ ಒತ್ತಿ (ಹಳೆ ಬಯಾಸ್ ಮಷಿನ್ ಆದರೆ ಶಿಫ್ಟ್ ಹಿಡಿದುಕೊಳ್ಳಿ). ಯಾವ ಕರ್ನಲ್‌ನಲ್ಲಿ ಬೂಟ್ ಆಗಬೇಕು ಎಂದು ಆರಿಸುವ ಗ್ರಬ್ ಮೆನು ಬರುತ್ತದೆ. 'ಅಡ್ವಾನ್ಸ್ಡ್ ಆಪ್ಷನ್ಸ್' ಒಳಗೆ ಹೋಗಿ 6.5 ಆರಿಸಿಕೊಳ್ಳಿ. ಅಲ್ಲಿ ಸೌಂಡ್ ಬಂದರೆ ಸ್ಪೀಕರ್ ಚೆನ್ನಾಗಿದೆ, ನಿಮ್ಮ ಸೆಟ್ಟಿಂಗ್ಸೂ ಸರಿ ಇದೆ, ತೊಂದರೆ ಇರುವುದು ಹೊಸ ಕರ್ನಲ್ ಜೊತೆಗೆ ಮಾತ್ರ ಅಂತಾಯಿತು. ಇವತ್ತೇ ಆನ್‌ಲೈನ್ ಕ್ಲಾಸೋ ಮೀಟಿಂಗೋ ಇದ್ದರೆ ಅದರಲ್ಲೇ ಮುಗಿಸಿಕೊಳ್ಳಿ. ಒಂದು ಎಚ್ಚರಿಕೆ: ಈ ಸಮಸ್ಯೆ ಬಗೆಹರಿಯುವವರೆಗೆ ಬೇಡದ ಪ್ಯಾಕೇಜ್‌ಗಳನ್ನು ತೆಗೆಯುವ ಆಟೋರಿಮೂವ್ ಕಮಾಂಡ್ ಕೊಡಬೇಡಿ. ಹಳೆ ಕರ್ನಲ್ ಹೋದರೆ ಹೋಲಿಸಿ ನೋಡಲು ಏನೂ ಉಳಿಯುವುದಿಲ್ಲ.

ಈಗ 6.8ಕ್ಕೆ ವಾಪಸ್ ಬನ್ನಿ. ಟರ್ಮಿನಲ್‌ನಲ್ಲಿ 'ಎಪ್ಲೇ ಮೈನಸ್ ಎಲ್' ಕೊಡಿ. ಕರ್ನಲ್ ಒಳಗಿನ ಸೌಂಡ್ ವ್ಯವಸ್ಥೆಯಾದ ಆಲ್ಸಾಗೆ ಯಾವ ಕಾರ್ಡ್ ಸಿಕ್ಕಿದೆ ಎಂದು ಅದು ಹೇಳುತ್ತದೆ. ಕಾರ್ಡ್ ಕಾಣಿಸಿದರೆ ಕರ್ನಲ್ ತನ್ನ ಕೆಲಸ ಮಾಡಿದೆ, ಮೇಲಿನ ಪಲ್ಸ್‌ಆಡಿಯೋದಲ್ಲಿ ಗಂಟು ಇದೆ. 'ಪಲ್ಸ್‌ಆಡಿಯೋ ಮೈನಸ್ ಕೆ' ಕೊಟ್ಟರೆ ಅದು ನಿಂತು ತಾನೇ ಮತ್ತೆ ಶುರುವಾಗುತ್ತದೆ. ಟರ್ಮಿನಲ್‌ನಲ್ಲೇ ಆಲ್ಸಾಮಿಕ್ಸರ್ ತೆರೆದು, ಎಫ್6 ಒತ್ತಿ ನಿಮ್ಮ ಕಾರ್ಡ್ ಆರಿಸಿ, ಮಾಸ್ಟರ್ ಮತ್ತು ಸ್ಪೀಕರ್ ಕೆಳಗೆ 'ಎಂಎಂ' ಅಂತ ಇದೆಯಾ ನೋಡಿ. ಇದ್ದರೆ ಮ್ಯೂಟ್ ಆಗಿದೆ ಅಂತ ಅರ್ಥ, ಎಂ ಕೀ ಒತ್ತಿದರೆ ಸರಿಹೋಗುತ್ತದೆ.

ಆದರೆ ನಿಮ್ಮಲ್ಲಿ ಡಮ್ಮಿ ಔಟ್‌ಪುಟ್ ಇರುವುದರಿಂದ ಎಪ್ಲೇಗೂ ಕಾರ್ಡ್ ಸಿಗದೇ ಇರುವ ಸಾಧ್ಯತೆಯೇ ಜಾಸ್ತಿ. ಹಾಗಾದರೆ 'ಎಲ್‌ಎಸ್‌ಪಿಸಿಐ ಮೈನಸ್ ಕೆ' ಕೊಟ್ಟು ಆಡಿಯೋ ಇರುವ ಭಾಗ ಹುಡುಕಿ. ಅದರ ಕೆಳಗೆ 'ಕರ್ನಲ್ ಡ್ರೈವರ್ ಇನ್ ಯೂಸ್' ಎಂಬ ಸಾಲು ಇರಬೇಕು. ಅದೇ ಇಲ್ಲದಿದ್ದರೆ ಹಾರ್ಡ್‌ವೇರ್ ಇದೆ, ಓಡಿಸುವ ಡ್ರೈವರ್ ಬಂದಿಲ್ಲ.

ನನ್ನ ತಂಗಿಯ ಲ್ಯಾಪ್‌ಟಾಪ್‌ನಲ್ಲಿ ಆಗಿದ್ದು ಇದೇ. ಉಬುಂಟು 22.04ರಲ್ಲಿ ಕರ್ನಲ್ ಒಂದೇ ಪ್ಯಾಕೇಜ್ ಆಗಿ ಬರುವುದಿಲ್ಲ. ಲಿನಕ್ಸ್-ಇಮೇಜ್, ಲಿನಕ್ಸ್-ಮಾಡ್ಯೂಲ್ಸ್, ಲಿನಕ್ಸ್-ಮಾಡ್ಯೂಲ್ಸ್-ಎಕ್ಸ್‌ಟ್ರಾ ಎಂದು ಬೇರೆ ಬೇರೆ ಇವೆ. ಸೌಂಡ್ ಡ್ರೈವರ್‌ಗಳು ಇರುವುದು ಆ ಕೊನೆಯ ಎಕ್ಸ್‌ಟ್ರಾದಲ್ಲಿ. ಅವಳಿಗೆ ಸಹಾಯ ಮಾಡಿದವರು ಇಮೇಜ್ ಪ್ಯಾಕೇಜ್ ಹೆಸರು ಮಾತ್ರ ಕೊಟ್ಟು ಇನ್‌ಸ್ಟಾಲ್ ಮಾಡಿದ್ದರು. ಡೆಸ್ಕ್‌ಟಾಪ್ ಬಂತು, ಸೌಂಡ್ ಬರಲಿಲ್ಲ. ನೀವೂ ನೋಡಿ: 'ಯುನೇಮ್ ಮೈನಸ್ ಆರ್' ಕೊಟ್ಟರೆ ಈಗ ಓಡುತ್ತಿರುವ ಕರ್ನಲ್‌ನ ಪೂರ್ತಿ ಹೆಸರು ಬರುತ್ತದೆ. ಅದೇ ಹೆಸರಿನ ಎಕ್ಸ್‌ಟ್ರಾ ಪ್ಯಾಕೇಜ್ ಇದೆಯಾ? ಇಲ್ಲದಿದ್ದರೆ ಏಪ್ಟ್ (ಪ್ಯಾಕೇಜ್ ಹಾಕುವ ಕಮಾಂಡ್) ಮೂಲಕ ಹಾಕಿ ರೀಸ್ಟಾರ್ಟ್ ಮಾಡಿ. ಅಷ್ಟರಲ್ಲೇ ಕೆಲಸ ಮುಗಿಯಬಹುದು. ಸರಿಹೋದರೆ ಲಿನಕ್ಸ್-ಜೆನೆರಿಕ್-ಎಚ್‌ಡಬ್ಲ್ಯೂಇ-22.04 ಎಂಬ ಮೆಟಾ ಪ್ಯಾಕೇಜ್ ಕೂಡ ಇದೆಯೇ ಖಚಿತ ಮಾಡಿಕೊಳ್ಳಿ. ಅದಿದ್ದರೆ ಮುಂದಿನ ಅಪ್‌ಡೇಟ್‌ಗಳಲ್ಲಿ ಎಲ್ಲ ಭಾಗಗಳೂ ಒಟ್ಟಿಗೆ ಬರುತ್ತವೆ.

ಎಕ್ಸ್‌ಟ್ರಾ ಇದ್ದೂ ಸೌಂಡ್ ಇಲ್ಲವಾ? ಸುಡೋ ಜೊತೆ ಡಿ-ಮೆಸೇಜ್ (ಟೈಪ್ ಮಾಡುವಾಗ dmesg, ಕರ್ನಲ್‌ನ ಸಂದೇಶಗಳನ್ನು ತೋರಿಸುತ್ತದೆ) ಕೊಟ್ಟು 'ಎಸ್‌ಒಎಫ್' ಎಂಬ ಅಕ್ಷರಗಳನ್ನು ಹುಡುಕಿ. ಡಿಜಿಟಲ್ ಮೈಕ್ ಇರುವ ಈಚಿನ ಎಷ್ಟೋ ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಸೌಂಡ್ ನಡೆಸುವುದು ಚಿಪ್ ಒಳಗಿನ ಡಿಎಸ್‌ಪಿ ಎಂಬ ಸಣ್ಣ ಪ್ರೊಸೆಸರ್. ಅದಕ್ಕೆ ಸೌಂಡ್ ಓಪನ್ ಫರ್ಮ್‌ವೇರ್ (ಅದೇ ಎಸ್‌ಒಎಫ್) ಬೇಕು. ಆ ಫೈಲ್ ಮಿಸ್ಸಿಂಗ್ ಎಂಬ ದೂರು ಅಲ್ಲಿ ಕಂಡರೆ ಲಿನಕ್ಸ್-ಫರ್ಮ್‌ವೇರ್ ಮತ್ತು ಫರ್ಮ್‌ವೇರ್-ಎಸ್‌ಒಎಫ್-ಸೈನ್ಡ್ ಎರಡನ್ನೂ ರೀಇನ್‌ಸ್ಟಾಲ್ ಮಾಡಿ.

ಇಂಟರ್ನೆಟ್‌ನಲ್ಲಿ ಹುಡುಕಿದರೆ ಮೊದಲು ಸಿಗುವ ಸಲಹೆ 'ಡಿಎಸ್‌ಪಿ ಡ್ರೈವರ್ ಈಕ್ವಲ್ಸ್ 1' ಎಂಬ ಸಾಲನ್ನು ಮಾಡ್‌ಪ್ರೋಬ್ ಫೈಲ್‌ಗೆ (ಡ್ರೈವರ್‌ಗಳ ಸೆಟ್ಟಿಂಗ್ಸ್ ಇರುವ ಫೈಲ್) ಸೇರಿಸಿ ಅಂತ. ನಾನು ಅದನ್ನು ಕೊನೆಗೆ ಇಡುತ್ತೇನೆ. ಅದು ಡಿಎಸ್‌ಪಿ ಬಿಟ್ಟು ಎಚ್‌ಡಿಎ ಎಂಬ ಹಳೆ ಸೌಂಡ್ ಡ್ರೈವರ್ ಬಳಸಲು ಹೇಳುತ್ತದೆ. ಸ್ಪೀಕರ್ ಬರಬಹುದು, ಆದರೆ ಲ್ಯಾಪ್‌ಟಾಪ್ ಒಳಗಿನ ಡಿಜಿಟಲ್ ಮೈಕ್ ನಿಲ್ಲುತ್ತದೆ. ವಿಡಿಯೋ ಕಾಲ್‌ನಲ್ಲಿ ನಿಮ್ಮ ದನಿ ಕೇಳದೇ ಹೋದಾಗ ಕಾರಣ ಇದೇ ಎಂದು ಹೊಳೆಯುವುದೂ ಕಷ್ಟ, ಅಲ್ವಾ?

ಇಷ್ಟೆಲ್ಲ ಆದರೂ 6.5ರಲ್ಲಿ ಮಾತ್ರ ಸೌಂಡ್ ಬರುತ್ತದೆ ಎಂದಾದರೆ ಅದು ಕರ್ನಲ್ ಬಗ್ ಇರಬಹುದು. ದಯವಿಟ್ಟು 6.8ರಲ್ಲಿ ಬೂಟ್ ಮಾಡಿ 'ಉಬುಂಟು-ಬಗ್ ಲಿನಕ್ಸ್' ಕಮಾಂಡ್‌ನಿಂದ ವರದಿ ಕೊಡಿ, 6.5ರಲ್ಲಿ ಸರಿ ಇತ್ತು ಎಂದು ತಪ್ಪದೆ ಬರೆಯಿರಿ. ನಿಮ್ಮದೇ ಮಾಡೆಲ್ ಲ್ಯಾಪ್‌ಟಾಪ್ ಇರುವವರಿಗೆಲ್ಲ ಅದರಿಂದ ಉಪಕಾರ ಆಗುತ್ತದೆ. ಅಲ್ಲಿಯವರೆಗೆ 6.5ರಲ್ಲೇ ಇರಬಹುದು, ಆದರೆ ತುಂಬಾ ದಿನ ಬೇಡ. ಅದಕ್ಕೆ ಸೆಕ್ಯುರಿಟಿ ಅಪ್‌ಡೇಟ್ ಬರುವುದಿಲ್ಲ. 6.8ರ ಹೊಸ ಅಪ್‌ಡೇಟ್ ಬಂದಾಗಲೆಲ್ಲ ಅದರಲ್ಲಿ ಒಮ್ಮೆ ಬೂಟ್ ಮಾಡಿ ಸೌಂಡ್ ಬಂತಾ ನೋಡುತ್ತಿರಿ.