ಪಾಸ್ತಾ ಬಸಿದ ನೀರನ್ನು ಚೆಲ್ಲಬೇಡಿ

ನೀವು ಕೇಳಿದ್ದು ಇಷ್ಟು: ಇಬ್ಬರೂ ಕೆಲಸ ಮುಗಿಸಿ ಮನೆ ಸೇರುವಾಗ ಸಂಜೆ ಏಳು ಗಂಟೆ. ಮಕ್ಕಳಿಗೆ ಕೆನೆಕೆನೆಯಾದ ಖೀಮಾ ಪಾಸ್ತಾ ಬೇಕು. ಮಾಡಿದಾಗಲೆಲ್ಲ ಒಂದೋ ಹಾಲು ಒಡೆಯುತ್ತದೆ, ಇಲ್ಲವೇ ಬಡಿಸುವಷ್ಟರಲ್ಲಿ ಎಲ್ಲವೂ ಮುದ್ದೆಯಾಗುತ್ತದೆ. ಮುಕ್ಕಾಲು ಗಂಟೆಯಲ್ಲಿ ಸರಿಯಾಗಿ ಮಾಡುವ ದಾರಿ ಇದೆಯೇ?

ಖಂಡಿತ ಇದೆ. ನಾನು ಬೆಳಗಾವಿಯ ಶಹಾಪುರದವನು. ನನ್ನ ಹೆಂಡತಿಗೆ ವಾರದಲ್ಲಿ ಮೂರು ದಿನ ರಾತ್ರಿ ಒಂಬತ್ತರವರೆಗೆ ಕೆಲಸ. ಆ ದಿನಗಳಲ್ಲಿ ಇಬ್ಬರು ಮಕ್ಕಳಿಗೂ ನನ್ನ ತಾಯಿಗೂ ಅಡುಗೆ ಮಾಡುವವನು ನಾನು. ಸೋಮವಾರ, ಗುರುವಾರ, ಶನಿವಾರ ನಮ್ಮ ಮನೆಯಲ್ಲಿ ಮಾಂಸ ಒಲೆಗೇರುವುದಿಲ್ಲ. ಹಾಗಾಗಿ ಬುಧವಾರವೇ ನಮ್ಮ ಖೀಮಾ ಪಾಸ್ತಾದ ದಿನ. ನಿಮಗಾದ ಎರಡೂ ತೊಂದರೆ ನನಗೂ ಆಗಿವೆ. ಅವೆರಡಕ್ಕೂ ಕಾರಣ ತಿಳಿದ ಮೇಲೆ ಪಾಸ್ತಾ ಒಮ್ಮೆಯೂ ಕೆಟ್ಟಿಲ್ಲ. ಆದ್ದರಿಂದ ಅಳತೆಗಿಂತ ಮೊದಲು ಕಾರಣಗಳನ್ನೇ ಹೇಳುತ್ತೇನೆ.

ಹಾಲು ಏಕೆ ಒಡೆಯುತ್ತದೆ ಎಂಬುದು ನಮ್ಮ ಊರಿನವರಿಗೆ ಹೊಸದಾಗಿ ಕಲಿಸಬೇಕಾದ ವಿಷಯವಲ್ಲ. ಕುಂದಾ ಮಾಡುವಾಗ ಕುದಿಯುವ ಹಾಲಿಗೆ ಮೊಸರು ಸೇರಿಸಿ, ಅದು ಹರಳು ಹರಳಾಗುವಂತೆ ಮಾಡುತ್ತಾರೆ. ಹುಳಿಯೂ ಕಾವೂ ಒಟ್ಟಿಗೆ ತಗುಲಿದರೆ ಹಾಲಿನ ಪ್ರೋಟೀನ್ ಕಣಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ನೀರಿನಿಂದ ಬೇರೆಯಾಗುತ್ತವೆ. ಕುಂದಾದಲ್ಲಿ ಆ ಹರಳೇ ರುಚಿ. ಪಾಸ್ತಾದಲ್ಲಿ ನೀವು ಟೊಮೆಟೊ ಕುದಿಯುತ್ತಿರುವಾಗಲೇ ಹಾಲು ಸುರಿದರೆ ಅದೇ ಕೆಲಸ ನಿಮಗೆ ಬೇಡವಾದ ಜಾಗದಲ್ಲಿ ನಡೆಯುತ್ತದೆ. ಟೊಮೆಟೊವನ್ನು ಕಡಿಮೆ ಹಾಕಿ ಪೂರ್ತಿ ಬಾಡಿಸಿಕೊಂಡರೆ, ಹಾಲಿಗಿಂತ ಮೊದಲು ಒಂದು ಚಮಚ ಮೈದಾ ಉದುರಿಸಿದರೆ, ಉರಿ ಸಣ್ಣದಾಗಿಟ್ಟರೆ ಹಾಲು ಒಡೆಯುವುದಿಲ್ಲ. ಮೈದಾದ ಪಿಷ್ಟ ಹಾಲಿನ ಕಣಗಳ ನಡುವೆ ನಿಂತು ಅವು ಗಂಟು ಕಟ್ಟದಂತೆ ತಡೆಯುತ್ತದೆ.

ಇನ್ನು ಮುದ್ದೆಯಾಗುವ ಸಂಗತಿ. ಇದಕ್ಕೆ ಮದ್ದು ನೀವು ಸಿಂಕಿಗೆ ಚೆಲ್ಲುತ್ತಿರುವ ನೀರಿನಲ್ಲಿದೆ. ಹೋಳಿಗೆ ಮಾಡುವ ದಿನ ಕಡಲೆಬೇಳೆ ಬಸಿದ ಕಟ್ಟನ್ನು ನಾವು ಯಾರಾದರೂ ಚೆಲ್ಲುತ್ತೇವೆಯೇ? ಅದರಿಂದಲೇ ಅಲ್ಲವೇ ಕಟ್ಟಿನ ಸಾರು? ಪಾಸ್ತಾ ಬೆಂದ ನೀರೂ ಅಂಥದ್ದೇ. ಕುದಿಯುವಾಗ ಪಾಸ್ತಾದ ಮೈಮೇಲಿನ ಪಿಷ್ಟ ನೀರಿಗೆ ಇಳಿದು, ಅದು ತೆಳುವಾದ ಗಂಜಿಯಾಗುತ್ತದೆ. ಬೆಣ್ಣೆ, ಕೆನೆ, ಚೀಸ್ ಇವುಗಳ ಜಿಡ್ಡನ್ನು ನೀರಿನೊಂದಿಗೆ ಬೆಸೆದು ನುಣುಪಾಗಿಸುವುದು ಈ ಗಂಜಿ. ಅದಿಲ್ಲದೆ ಎಷ್ಟು ಪ್ಯಾಕೆಟ್ ಕ್ರೀಮ್ ಸುರಿದರೂ ಎಣ್ಣೆ ಒಂದು ಕಡೆ, ಮಾಂಸ ಒಂದು ಕಡೆ ನಿಲ್ಲುತ್ತವೆ. ಬಸಿಯುವ ಮೊದಲು ದೊಡ್ಡ ಲೋಟ ತುಂಬ ಈ ನೀರನ್ನು ತೆಗೆದಿಡಿ. ನಾನು ಲೋಟವನ್ನು ಜರಡಿಯೊಳಗೇ ಇಟ್ಟುಬಿಡುತ್ತೇನೆ. ಬಸಿಯಲು ಜರಡಿ ಕೈಗೆತ್ತಿಕೊಂಡಾಗ ಲೋಟ ಕಣ್ಣಿಗೆ ಬೀಳಲೇಬೇಕು.

ಈಗ ಅಡುಗೆ. ನಾಲ್ಕೈದು ಜನಕ್ಕೆ ಪಾಸ್ತಾ 250 ಗ್ರಾಂ, ಖೀಮಾ 300 ಗ್ರಾಂ ಸಾಕು. ಪೆನ್ನೆ ಅಥವಾ ಸುರುಳಿಯಾಕಾರದ ಪಾಸ್ತಾ ತನ್ನಿ, ಅವುಗಳ ಪೊಳ್ಳಿನಲ್ಲೂ ಮಡಿಕೆಯಲ್ಲೂ ಖೀಮಾ ಸಿಕ್ಕಿಕೊಳ್ಳುತ್ತದೆ. ಪ್ಯಾಕೆಟ್ ಹಿಂಭಾಗ ನೋಡಿ: ಡ್ಯೂರಮ್ ಗೋಧಿಯ ರವೆ ಎಂದಿರಬೇಕು. ಮೈದಾದ ಪಾಸ್ತಾ ಸ್ವಲ್ಪ ಹೆಚ್ಚು ಬೆಂದರೂ ಕರಗುತ್ತದೆ. ಜವೆಗೋಧಿಯ ಶಾವಿಗೆಯನ್ನು ಬಸಿದು ಹಾಲು, ಬೆಲ್ಲ, ತುಪ್ಪ ಹಾಕಿಕೊಂಡು ಉಂಡ ನಮಗೆ ಎಳೆ ಎಳೆಯಾಗಿ ನಿಲ್ಲುವ ಗೋಧಿಯ ಬೆಲೆ ಗೊತ್ತು.

ಖೀಮಾ ತರುವಾಗ ಒಂದು ಮಾತು. ಮಾಂಸವನ್ನು ಮೊದಲು ತೊಳೆದು, ನೀರು ಇಳಿಸಿ, ಆಮೇಲೆ ಯಂತ್ರಕ್ಕೆ ಹಾಕಲು ಅಂಗಡಿಯವರಿಗೆ ಹೇಳಿ. ಖೀಮಾ ಆದ ಮೇಲೆ ತೊಳೆದರೆ ಅದು ಸ್ಪಂಜಿನಂತೆ ನೀರು ಹೀರಿಕೊಂಡು, ಬಾಣಲೆಯಲ್ಲಿ ಹುರಿಯುವ ಬದಲು ಬೇಯತೊಡಗುತ್ತದೆ. ತೊಳೆಯಲೇಬೇಕೆಂದರೆ ಸಣ್ಣ ತೂತಿನ ಜರಡಿಯಲ್ಲಿ ತೊಳೆದು, ಕೈಯಿಂದ ಒತ್ತಿ, ಅರ್ಧ ಗಂಟೆ ಫ್ರಿಜ್‌ನಲ್ಲಿ ಹಾಗೆಯೇ ಬಿಡಿ. ಭುಜದ ಮಾಂಸದ ಖೀಮಾ ಒಳ್ಳೆಯದು, ಅದರಲ್ಲಿ ಸ್ವಲ್ಪ ಕೊಬ್ಬು ಇರುತ್ತದೆ. ತೀರ ಸಪೂರ ಮಾಂಸವಾದರೆ ಹರಳು ಹರಳಾಗಿ ಒಣಗುತ್ತದೆ.

ಏಳೂಕಾಲಿಗೆ ಒಂದು ಒಲೆಯ ಮೇಲೆ ಒಂದೂವರೆ ಲೀಟರ್ ನೀರು ಕಾಯಲು ಇಡಿ, ಮುಚ್ಚಳ ಮುಚ್ಚಿ. ಇನ್ನೊಂದು ಒಲೆಯ ಮೇಲೆ ಅಗಲ ತಳದ ಕುಕ್ಕರ್ ಇಡಿ. ಎರಡು ಚಮಚ ಎಣ್ಣೆ ಚೆನ್ನಾಗಿ ಕಾದ ಮೇಲೆ ಖೀಮಾವನ್ನು ಹರಡಿ ಹಾಕಿ, ಮೂರು ನಿಮಿಷ ಕೈಯಾಡಿಸಬೇಡಿ. ನನಗೆ ಇದೇ ಎಲ್ಲಕ್ಕಿಂತ ಕಷ್ಟದ ಭಾಗವಾಗಿತ್ತು, ಸೌಟು ತಾನಾಗಿಯೇ ಪಾತ್ರೆಗೆ ಹೋಗುತ್ತಿತ್ತು. ಕಿವಿಗೊಟ್ಟು ಕೇಳಿ. ಮೊದಲು ಮಾಂಸ ನೀರು ಬಿಟ್ಟು ಗುಳುಗುಳು ಸದ್ದು ಬರುತ್ತದೆ, ಬಣ್ಣ ಬೂದಿಯಂತಿರುತ್ತದೆ. ನೀರು ಇಂಗುತ್ತಿದ್ದಂತೆ ಸದ್ದು ಸಣ್ಣಗಾಗಿ, ಒಮ್ಮೆಲೇ ಚಿಟಪಟ ಎನ್ನತೊಡಗುತ್ತದೆ. ಆಗ ಅಂಚಿನಿಂದ ಒಂದು ತುಂಡು ಎತ್ತಿ ನೋಡಿ: ತಳಕ್ಕೆ ತಗುಲಿದ ಬದಿ ಕಂದಾಗಿ, ಹುರಿದ ಶೇಂಗಾದ ಬಣ್ಣಕ್ಕೆ ತಿರುಗಿರುತ್ತದೆ. ಮಾಂಸದ ರುಚಿಯೆಲ್ಲ ಆ ಕಂದು ಬಣ್ಣದಲ್ಲಿದೆ. ಈಗ ತಿರುವಿ ಹಾಕಿ, ಗಂಟುಗಳನ್ನು ಸೌಟಿನಿಂದ ಒಡೆಯಿರಿ.

ಸಣ್ಣಗೆ ಹೆಚ್ಚಿದ ಎರಡು ಉಳ್ಳಾಗಡ್ಡಿ, ಜಜ್ಜಿದ ಎಂಟು ಎಸಳು ಬೆಳ್ಳುಳ್ಳಿ ಹಾಕಿ ಬಾಡಿಸಿ. ಒಂದೇ ಒಂದು ಟೊಮೆಟೊ ಸಾಕು, ಅದು ಎಣ್ಣೆ ಬಿಡುವವರೆಗೆ ಹುರಿಯಬೇಕು. ಅಂಗಡಿಯ ಒಣ ಸೊಪ್ಪಿನ ಪುಡಿಗಳ ಬದಲು ನಾನು ಹಾಕುವುದು ವರ್ಷಕ್ಕಾಗುವಷ್ಟು ಕುಟ್ಟಿಸಿಟ್ಟ ಮನೆಯ ಮಸಾಲೆ ಖಾರ, ಕಾಲು ಚಮಚ ಮಾತ್ರ. ಅದಕ್ಕಿಂತ ಹೆಚ್ಚಾದರೆ ಪಾಸ್ತಾ ಹೋಗಿ ಖೀಮಾ ಪಲ್ಯದ ರುಚಿ ಬರುತ್ತದೆ. ಸಂಕೇಶ್ವರದ ಮೆಣಸಿನಕಾಯಿಯ ಖಾರ ಮಕ್ಕಳ ನಾಲಿಗೆಗೆ ಜೋರು, ಬಣ್ಣಕ್ಕೆ ಬೇಕೆಂದರೆ ಬ್ಯಾಡಗಿ ಹಾಕಿ. ಕರಿಮೆಣಸಿನ ಪುಡಿ ಅರ್ಧ ಚಮಚ. ಉಪ್ಪು ಈಗ ಕಡಿಮೆಯೇ ಇರಲಿ, ಗಂಜಿನೀರಿನಲ್ಲೂ ಚೀಸ್‌ನಲ್ಲೂ ಉಪ್ಪು ಬರಲಿದೆ. ಅರ್ಧ ಲೋಟ ನೀರು ಹಾಕಿ, ತಳಕ್ಕೆ ಅಂಟಿದ್ದನ್ನೆಲ್ಲ ಕೆರೆದು ಎಬ್ಬಿಸಿ, ಮುಚ್ಚಳ ಹಾಕಿ ಮೂರು ಸೀಟಿ ಕೂಗಿಸಿ. ಕೋಳಿಯ ಖೀಮಾ ಆದರೆ ಸೀಟಿ ಬೇಡ, ತಟ್ಟೆ ಮುಚ್ಚಿ ಎಂಟು ನಿಮಿಷ ಬೇಯಿಸಿದರೆ ಮುಗಿಯಿತು. ಆತುರದ ದಿನ ಅದೇ ಸುಲಭ. ಆದರೆ ಮಟನ್ನಿನ ರುಚಿ ಅದಕ್ಕಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಸೀಟಿ ಕೂಗುವ ಹೊತ್ತಿಗೆ ಆ ಕಡೆ ನೀರು ಕುದಿಯುತ್ತಿರುತ್ತದೆ. ಒಂದು ದೊಡ್ಡ ಚಮಚ ಉಪ್ಪು, ಆಮೇಲೆ ಪಾಸ್ತಾ. ಎಣ್ಣೆ ಹಾಕಬೇಡಿ, ಮೈಮೇಲೆ ಜಿಡ್ಡು ಕಟ್ಟಿದರೆ ಸಾರು ಹಿಡಿಯುವುದಿಲ್ಲ. ಪ್ಯಾಕೆಟ್ ಮೇಲೆ ಹನ್ನೊಂದು ನಿಮಿಷ ಎಂದಿದ್ದರೆ ಒಂಬತ್ತಕ್ಕೇ ಇಳಿಸಿ. ಹಲ್ಲಿಗೆ ಇನ್ನೂ ಸ್ವಲ್ಪ ಗಟ್ಟಿ ಸಿಗಬೇಕು, ಉಳಿದ ಎರಡು ನಿಮಿಷ ಅದು ಖೀಮಾದೊಳಗೆ ಬೇಯುತ್ತದೆ.

ಕುಕ್ಕರ್ ತೆರೆದಾಗ ಮೊದಲು ನಾನು ಮಾಡುವುದು ನನ್ನ ತಾಯಿಯ ಪಾಲನ್ನು ಬೇರೆ ತೆಗೆದಿಡುವುದು. ಮಾಂಸಕ್ಕೆ ಹಾಲು ಕೂಡದು ಎಂಬುದು ಅವರು ಹುಟ್ಟಿನಿಂದ ನಡೆದುಕೊಂಡು ಬಂದ ರೀತಿ. ಆಯುರ್ವೇದವೂ ಮೀನು ಮತ್ತು ಹಾಲನ್ನು ವಿರುದ್ಧಾಹಾರ ಎನ್ನುತ್ತದೆ. ಅವರೊಂದಿಗೆ ನಾನು ವಾದಕ್ಕೆ ಇಳಿಯುವುದಿಲ್ಲ. ಅವರಿಗೆ ಆ ಖೀಮಾ, ಒಂದು ಜೋಳದ ರೊಟ್ಟಿ, ಹಸಿ ಉಳ್ಳಾಗಡ್ಡಿ. ನಿಮ್ಮ ಮನೆಯ ಹಿರಿಯರೂ ಪಾಸ್ತಾ ಬಯಸುವವರಾದರೆ, ಹತ್ತು ಹನ್ನೆರಡು ಗೋಡಂಬಿಯನ್ನು ಬಿಸಿನೀರಿನಲ್ಲಿ ನೆನೆಸಿ ನುಣ್ಣಗೆ ರುಬ್ಬಿ ಹಾಲಿನ ಬದಲು ಹಾಕಿ. ಕೊಲ್ಲಾಪುರದ ಕಡೆಯ ಬಿಳಿ ರಸ್ಸಾ ಉಂಡವರಿಗೆ ಗೊತ್ತು, ಹಾಲಿನ ಹನಿಯಿಲ್ಲದೆಯೂ ಮಟನ್ ಕೆನೆಗಟ್ಟುತ್ತದೆ.

ಹಾಲು ಹಾಕುವುದು ಪಾಸ್ತಾದ ಊರಿನಲ್ಲಿ ಹಳೆಯ ರೂಢಿ. ಇಟಲಿಯ ಬೊಲೋನ್ಯಾ ನಗರದ ವಾಣಿಜ್ಯ ಮಂಡಳಿಯಲ್ಲಿ 1982ರ ಅಕ್ಟೋಬರ್ 17ರಂದು ಆ ಊರಿನ ‘ರಗು’ ಎಂಬ ಮಾಂಸದ ಸಾರಿನ ಪಾಕವಿಧಾನವನ್ನು ಅಧಿಕೃತವಾಗಿ ಇರಿಸಿದರು. ಅದರಲ್ಲಿ ಒಂದು ಲೋಟ ಗಟ್ಟಿ ಹಾಲೂ ಸೇರಿದೆ. ಅದು ಗಂಟೆಗಟ್ಟಲೆ ಸಣ್ಣ ಉರಿಯಲ್ಲಿ ಕುದಿಯುವ ಅಡುಗೆ. ನಮ್ಮದು ಬುಧವಾರ ರಾತ್ರಿಯದು. ಆ ಹೆಸರನ್ನು ನಾನು ಇದಕ್ಕೆ ಇಡುವುದಿಲ್ಲ, ಹಾಲಿನ ಪಾಠವನ್ನಷ್ಟೇ ತೆಗೆದುಕೊಂಡಿದ್ದೇನೆ.

ಮುಂದುವರಿಯೋಣ. ಖೀಮಾದಲ್ಲಿ ಉಳಿದ ನೀರನ್ನು ದೊಡ್ಡ ಉರಿಯಲ್ಲಿ ಇಂಗಿಸಿ. ಒಂದು ಚಮಚ ಬೆಣ್ಣೆ, ಅದರ ಮೇಲೆ ಒಂದು ದೊಡ್ಡ ಚಮಚ ಮೈದಾ ಉದುರಿಸಿ ಹಸಿ ವಾಸನೆ ಹೋಗುವವರೆಗೆ ಒಂದು ನಿಮಿಷ ಕೈಯಾಡಿಸಿ. ಉರಿ ಸಣ್ಣದು ಮಾಡಿ, ಒಂದೂವರೆ ಲೋಟ ಹಾಲನ್ನು ಮೂರು ಸಲವಾಗಿ ಹಾಕುತ್ತಾ ಕಲಸಿ. ಎಮ್ಮೆ ಹಾಲು ಸಿಕ್ಕರೆ ಅದನ್ನೇ ಬಳಸಿ. ಆಕಳ ಹಾಲಿಗಿಂತ ಅದರಲ್ಲಿ ಕೊಬ್ಬು ಹೆಚ್ಚು, ಕ್ರೀಮ್ ಕೊಳ್ಳುವ ಅಗತ್ಯವೇ ಬೀಳುವುದಿಲ್ಲ. ಮೂರು ನಾಲ್ಕು ನಿಮಿಷಕ್ಕೆ ಅದು ಸೌಟಿನ ಬೆನ್ನಿಗೆ ಅಂಟುವಷ್ಟು ದಪ್ಪಗಾಗುತ್ತದೆ. ಹೋಳಿಗೆಗೆಂದು ತಂದಿಟ್ಟ ಜಾಜಿಕಾಯಿ ಮನೆಯಲ್ಲಿರುತ್ತದಲ್ಲ, ಅದನ್ನು ಎರಡು ಸಲ ತುರಿಯುವ ಮಣೆಗೆ ಉಜ್ಜಿ. ಹಾಲಿನ ಸಾರಿಗೆ ಜಾಜಿಕಾಯಿ ಬಿದ್ದಾಗ ಬರುವ ಪರಿಮಳಕ್ಕೆ ನನ್ನ ಕಿರಿಯವಳು ಪುಸ್ತಕ ಬಿಟ್ಟು ಎದ್ದು ಬರುತ್ತಾಳೆ.

ಈಗ ಬಸಿದ ಪಾಸ್ತಾ ಹಾಕಿ, ಅರ್ಧ ಲೋಟ ಗಂಜಿನೀರು ಸುರಿದು, ಎರಡು ನಿಮಿಷ ಬಿಡದೆ ತಿರುವಿ. ಒಲೆ ಆರಿಸಿ. ಆರಿಸಿದ ಮೇಲೆಯೇ ಎರಡು ಕ್ಯೂಬ್ ಚೀಸ್ ತುರಿದು, ಮೂರು ಚಮಚ ಕೆನೆ ಸೇರಿಸಿ. ಕ್ಯೂಬಿನ ಚೀಸ್ ಬಳಸಲು ಸಂಕೋಚ ಬೇಡ. ಅದರಲ್ಲಿರುವ ಲವಣಗಳು ಜಿಡ್ಡು ಬೇರೆಯಾಗದಂತೆ ಹಿಡಿದಿಡುತ್ತವೆ, ಆದ್ದರಿಂದ ಅದು ದಾರದಂತೆ ಎಳೆಯದೆ ನುಣ್ಣಗೆ ಕರಗುತ್ತದೆ. ಕೆನೆ ಮನೆಯದಾದರೆ ಅಂದಿನದೋ ಹಿಂದಿನ ದಿನದ್ದೋ ಆಗಿರಲಿ, ಒಂದು ಚಮಚ ಹಾಲಿನಲ್ಲಿ ಕದಡಿ ಹಾಕಿ. ಬೆಣ್ಣೆ ತೆಗೆಯಲೆಂದು ವಾರದಿಂದ ಕೂಡಿಸಿಟ್ಟ ಕೆನೆ ಒಳಗೊಳಗೇ ಹುಳಿಯಾಗಿರುತ್ತದೆ. ಒಮ್ಮೆ ನಾನು ಅದನ್ನು ಹಾಕಿದೆ. ಕಣ್ಣೆದುರೇ ಬಿಳಿ ಚುಕ್ಕೆಗಳೆದ್ದು, ಅಷ್ಟು ಹೊತ್ತಿನ ಕೆಲಸ ಹಾಳಾಯಿತು. ಮಕ್ಕಳು ಸುಮ್ಮನೆ ಉಂಡರು, ನನಗೆ ಮಾತ್ರ ಆ ರಾತ್ರಿ ಬೇಸರ ಹೋಗಲಿಲ್ಲ.

ಕೊನೆಗೆ ಹದ. ಪಾತ್ರೆಯಲ್ಲಿ ನೋಡಿದಾಗ ‘ಇದು ಸ್ವಲ್ಪ ನೀರಾಯಿತಲ್ಲ’ ಎನ್ನಿಸುವಂತಿರಬೇಕು. ತಟ್ಟೆಗೆ ಬಂದು ಆರುವಾಗ ಪಿಷ್ಟ ಬಿಗಿಯುತ್ತದೆ, ಪಾಸ್ತಾ ಇನ್ನಷ್ಟು ನೀರು ಹೀರುತ್ತದೆ. ಪಾತ್ರೆಯಲ್ಲೇ ಸರಿಯಾಗಿ ಕಂಡಿದ್ದು ಐದು ನಿಮಿಷಕ್ಕೆ ಮುದ್ದೆಯಾಗುತ್ತದೆ, ನಿಮ್ಮ ಎರಡನೆಯ ತೊಂದರೆ ಇದೇ. ಸೌಟಿನಿಂದ ಎತ್ತಿ ಬಿಟ್ಟರೆ ಗಟ್ಟಿ ಮಜ್ಜಿಗೆಯಂತೆ ಇಳಿಯಬೇಕು. ಗಟ್ಟಿಯಾಗಿದ್ದರೆ ಉಳಿದ ಗಂಜಿನೀರನ್ನು ಎರಡೆರಡು ಚಮಚ ಸೇರಿಸಿ. ಮಕ್ಕಳನ್ನು ಮೊದಲು ಕೂರಿಸಿ, ತಟ್ಟೆ ಇಟ್ಟು, ಆಮೇಲೆ ಒಲೆ ಆರಿಸಿ. ಈ ಅಡುಗೆ ಯಾರಿಗೂ ಕಾಯುವುದಿಲ್ಲ.

ನಾನು ಎಂಟಕ್ಕೆ ಬಡಿಸುತ್ತೇನೆ. ಮೊದಮೊದಲು ನಿಮಗೆ ಹತ್ತು ನಿಮಿಷ ಹೆಚ್ಚು ಹಿಡಿಯಬಹುದು. ಅಷ್ಟೂ ಸಮಯವಿಲ್ಲದ ವಾರಗಳಿದ್ದರೆ ರವಿವಾರದ ದಿನವೇ ಖೀಮಾವನ್ನು ಸೀಟಿ ಕೂಗಿಸುವವರೆಗೆ ಮಾಡಿ, ಪೂರ್ತಿ ಆರಿದ ಮೇಲೆ ಚೀಲದಲ್ಲಿ ತೆಳ್ಳಗೆ ಹರಡಿ ಫ್ರೀಜರ್‌ನಲ್ಲಿಡಿ. ಉಂಡೆಯಾಗಿ ಇಟ್ಟದ್ದು ಕರಗಲು ಬಹಳ ಹೊತ್ತು ಬೇಕು, ಹಾಳೆಯಂತೆ ಇಟ್ಟದ್ದನ್ನು ನೇರವಾಗಿ ಬಾಣಲೆಗೆ ಮುರಿದು ಹಾಕಬಹುದು. ಹಾಲು ಸೇರಿಸಿದ್ದನ್ನು ಮಾತ್ರ ಫ್ರೀಜರ್‌ನಲ್ಲಿ ಇಡಬೇಡಿ, ಕರಗಿದಾಗ ನೀರು ಬಿಡುತ್ತದೆ.

ತಡವಾಗಿ ಮನೆಗೆ ಬರುವವರ ಪಾಲನ್ನು ಕಲಸಿಡಬೇಡಿ. ನನ್ನ ಹೆಂಡತಿಗಾಗಿ ಒಂದು ಹಿಡಿ ಬಸಿದ ಪಾಸ್ತಾ ಒಂದು ಬಟ್ಟಲಲ್ಲಿ, ಸಾರು ಇನ್ನೊಂದರಲ್ಲಿ, ಗಂಜಿನೀರು ಲೋಟದ ತಳದಲ್ಲಿ ಮುಚ್ಚಿ ಎತ್ತಿಡುತ್ತೇನೆ. ಅವಳು ಚಪ್ಪಲಿ ಬಿಟ್ಟು ಕೈಕಾಲು ತೊಳೆಯುವಷ್ಟರಲ್ಲಿ ಸಣ್ಣ ಬಾಣಲೆಯಲ್ಲಿ ಗಂಜಿನೀರು, ಸಾರು, ಪಾಸ್ತಾ ಈ ಕ್ರಮದಲ್ಲಿ ಹಾಕಿ ಬಿಸಿ ಮಾಡಿದರೆ ಎಂಟು ಗಂಟೆಗೆ ಇದ್ದ ಹದವೇ ಒಂಬತ್ತೂವರೆಗೂ ಸಿಗುತ್ತದೆ.